ಕೊರಳಿಗೋ, ಫೋಟೋಕ್ಕೋ

“ಕೊರಳಿಗೇನ್ರಿ, ಫೋಟೋಕ್ಕೇನ್ರಿ?” ಹಾರ ಕಟ್ಟುತ್ತಿದ್ದ ಮಕ್ತುಮಬಿ ಕತ್ತೆತ್ತದೆ ಕೇಳಿದಳು.

ಹಾವೇರಿಯಲ್ಲೇ ಹುಟ್ಟಿ ಬೆಳೆದ ದೀಪಾಲಿಗೆ ಪ್ರಶ್ನೆ ಹೊಸದೇನಲ್ಲ. ಏಲಕ್ಕಿ ಹಾರದಲ್ಲಿ ಎರಡೇ ಜಾತಿ. ಬದುಕಿದವರಿಗೆ ಉದ್ದನೆಯದು, ಸತ್ತವರಿಗೆ ಚೌಕಟ್ಟಿನ ಅಳತೆಯದು. ಏಲಕ್ಕಿ ಎರಡಕ್ಕೂ ಒಂದೇ, ಜರಿಯೂ ಒಂದೇ. ಬಾಡುವುದಿಲ್ಲವೆಂಬ ಹೆಗ್ಗಳಿಕೆಯೂ ಒಂದೇ.

“ಕೊರಳಿಗೆ.”

“ಮಂತ್ರಿಗಳಿಗೇನ್ರಿ?”

“ಅಲ್ಲ. ಒಬ್ರು ಅತಿಥಿ.”

“ಎತ್ತರ ಎಷ್ಟದಾರ? ಗಿಡ್ಡ ಮಂದಿಗೆ ಉದ್ದಂದು ಹಾಕಿದ್ರ ಮೊಣಕಾಲಿಗೆ ಬಡೀತೈತಿ.”

ದೀಪಾಲಿಯ ಕೈ ತಾನಾಗಿ ತನ್ನ ತಲೆಗಿಂತ ಒಂದು ಗೇಣು ಮೇಲೇರಿ ನಿಂತಿತು. ಗಾಳಿಯಲ್ಲಿ ಅವನನ್ನು ಅಳೆದು ತೋರಿಸಿದಳು. ಅವನನ್ನು ಅವಳು ಕಂಡದ್ದು ಅಂಗೈಯಗಲದ ಮೊಬೈಲಿನಲ್ಲಿ ಮಾತ್ರ.

“ಅಬಾಬಾ,” ಎಂದು ಮಕ್ತುಮಬಿ ಎಲ್ಲಕ್ಕಿಂತ ಉದ್ದದ್ದನ್ನು ಗೂಟದಿಂದ ಇಳಿಸಿದಳು.

ಅಂತರ ಅಳೆಯುವುದೇ ದೀಪಾಲಿಯ ಉದ್ಯೋಗ. ಶಾಲೆಗಳಿಗೆ ಹೋಗಿ ಹರೆಯದ ಮಕ್ಕಳಿಗೆ, ಮಕ್ಕಳಿಗಿಂತ ಹೆಚ್ಚಾಗಿ ಪಾಲಕರಿಗೆ, ಬುದ್ಧಿ ಹೇಳುವ ಆಪ್ತಸಮಾಲೋಚಕಿ. ಇವತ್ತು ಬ್ಯಾಡಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪನ್ಯಾಸ. ವಿಷಯ: ‘ಹಾಡುವ ತಾರೆಯರು ಮತ್ತು ನಮ್ಮ ಮಕ್ಕಳು: ಆರೋಗ್ಯಕರ ಅಂತರ’. ಅದರ ಮೊದಲ ಪ್ರಯೋಗ ಬೆಳಿಗ್ಗೆ ಮನೆಯಲ್ಲೇ ಆಗಿತ್ತು. ಮಗಳು ಶ್ರದ್ಧಾ ವರ್ಷದ ಹಿಂದೆಯೇ ನಡುಮನೆಯ ಗೋಡೆಗೆ ಹಾಡುಗಾರ ಇಹಾನನ ದೊಡ್ಡ ಫೋಟೋ ಕಟ್ಟು ಹಾಕಿಸಿ ತೂಗಿಬಿಟ್ಟಿದ್ದಳು.

“ಸಂಜಿಯೊಳಗ ಅದನ್ನ ಇಳಸು.”

“ಅವ ಹಾಡ್ತಾನ, ನಾ ಕೇಳ್ತೇನಿ. ಇದರಾಗ ಏನದ ಅವ್ವಾ?”

“ಸುರುವಾತಿಗೆ ಎಲ್ಲಾರೂ ಹಂಗ ಅಂತಾರ.”

“ಇವತ್ತ ರಾಣೆಬೆನ್ನೂರಿಗೆ ಬರಾಕತ್ತಾನ. ಅರಿವಿ ಅಂಗಡಿ ಓಪನಿಂಗಿಗೆ. ಹೋಗ್ಲೇನು?”

“ಪರೀಕ್ಷಾ ಅದ.”

“ಸರಿ ಬಿಡು,” ಎಂದು ಶ್ರದ್ಧಾ ಅವಲಕ್ಕಿ ತಿನ್ನತೊಡಗಿದ್ದಳು. ಅಳಲಿಲ್ಲ, ತಟ್ಟೆ ತಳ್ಳಲಿಲ್ಲ. ಇಷ್ಟು ಸುಲಭಕ್ಕೆ ಗುಣವಾಗುವ ರೋಗ ದೀಪಾಲಿಯ ಪುಸ್ತಕದಲ್ಲಿರಲಿಲ್ಲ.

ಇಹಾನ್ ಪ್ರತಿ ವಿಡಿಯೋದ ಕೊನೆಗೆ ಕ್ಯಾಮರಾದೊಳಗೆ ಇಣುಕಿ ಬೆಂಗಳೂರು ಕನ್ನಡದಲ್ಲಿ ಹೇಳುತ್ತಾನೆ: “ನೀವು ಒಬ್ಬರೇ ಇಲ್ಲ. ನಾನಿದ್ದೀನಿ.” ಲಕ್ಷಗಟ್ಟಲೆ ಜನಕ್ಕೆ ಹೇಳಿದ ಈ ಮಾತನ್ನು ದೀಪಾಲಿ ಬೆಳಗಿನ ಜಾವ, ಹಾಲು ಉಕ್ಕುವುದನ್ನು ಕಾಯುತ್ತ, ಒಬ್ಬಳೇ ಕೇಳಿಸಿಕೊಂಡಿದ್ದಳು. ಒಂದು ದಿನ ಅವನಿಗೆ ಬರೆದೂ ಬಿಟ್ಟಳು. ತನ್ನ ಹೆಸರು ದೀಪಾಲಿ, ಊರು ಹಾವೇರಿ; ಮನೆ ತುಂಬ ಜನ, ಮಾತಾಡಲು ಯಾರೂ ಇಲ್ಲ. ಉತ್ತರ ಬಂತು: ಒಂದು ಕೆಂಪು ಹೃದಯ, ಒಂದು ಜೋಡಿಸಿದ ಕೈ. ಅಂಥ ಹೃದಯಗಳನ್ನು ಯಂತ್ರ ಕಳಿಸುತ್ತದೆಂದು ಬ್ಯಾಡಗಿಯ ತಾಯಂದಿರಿಗೆ ಅವಳು ಚಿತ್ರ ಬರೆದು ವಿವರಿಸಬಲ್ಲಳು. ತನಗೆ ವಿವರಿಸಿಕೊಳ್ಳಲು ಪುರುಸೊತ್ತು ಸಿಕ್ಕಿರಲಿಲ್ಲ.

ರಾಣೆಬೆನ್ನೂರಿನ ಆ ಬಟ್ಟೆ ಅಂಗಡಿಯ ಸಾಹುಕಾರರ ಹೆಂಡತಿ ಶೈಲಶ್ರೀ ಕಾಲೇಜಿನ ಗೆಳತಿ. ಹಾರ ತರುವ ಕೆಲಸವನ್ನು ದೀಪಾಲಿ ತಾನಾಗಿ ಮೈಮೇಲೆ ಎಳೆದುಕೊಂಡಿದ್ದಳು. ತಂದವಳೇ ಹಾಕಬೇಕಲ್ಲ. ಹಾಕುವಾಗ ಹೆಸರು ಹೇಳಿದರೆ ಸಾಕು. ಅವನಿಗೆ ನೆನಪಾಗುತ್ತದೆ. ಮನೆಯಲ್ಲಿ ಹೇಳಿದ್ದು ಬ್ಯಾಡಗಿಯೊಂದನ್ನೇ.

ಬ್ಯಾಡಗಿಯಲ್ಲಿ ಸುಗ್ಗಿ. ಮೆಣಸಿನಕಾಯಿ ಮಾರ್ಕೆಟ್ಟಿನಿಂದ ಎದ್ದ ಕೆಂಪು ಧೂಳು ಊರಿನ ಗಂಟಲಲ್ಲಿ ಕೂತಿತ್ತು. ಶಾಲೆಯ ಹಾಲಿನಲ್ಲಿ ತಾಯಂದಿರು ಸೆರಗಿನ ತುದಿಯನ್ನು ಮೂಗಿಗೆ ಹಿಡಿದು ಕೂತಿದ್ದರು. ಹೊರಗಿನವರು ನೋಡಿದರೆ ಸಾವಿನ ಮನೆ ಎನ್ನಬೇಕು.

“ಹಾಡು ನಮ್ಮದು. ಹಾಡುವವನು ನಮ್ಮವನಲ್ಲ,” ಎಂದಳು ದೀಪಾಲಿ ಮೈಕಿನಲ್ಲಿ. “ನಾವು ಅವನನ್ನು ನೋಡುತ್ತೇವೆ. ಅವನು ನಮ್ಮನ್ನು ನೋಡುತ್ತಿಲ್ಲ. ಇದನ್ನು ಮಕ್ಕಳಿಗೆ ಮೆಲ್ಲಗೆ ತಿಳಿಸಬೇಕು.”

ಈ ಮಾತಿಗೆ ಬರುವಾಗ ಅವಳ ಕಣ್ಣು ತುಂಬಿತು. ಧೂಳು. ಇಷ್ಟು ಮನಸ್ಸು ಹಚ್ಚಿ ಮಾತಾಡುವವರನ್ನು ಕಂಡಿರದ ತಾಯಂದಿರು ಚಪ್ಪಾಳೆ ತಟ್ಟಿದರು.

ಗುಡ್ಡವ್ವ ಎಂಬುವಳು ಎದ್ದು ನಿಂತಳು. “ನನ್ನ ಮಗಳು ಹಾಡೋ ಹುಡುಗನ ಫೋಟೋಕ್ಕ ಎಡಿ ಹಿಡೀತಾಳ್ರೀ. ಹುಚ್ಚು ಹಿಡದೈತೇನ್ರಿ?”

“ಏನು ಎಡಿ?”

“ಉಪ್ಪಿಟ್ಟು.”

“ಆಮ್ಯಾಲೆ?”

“ಆಮ್ಯಾಲೆ ತಾನ ತಿಂತಾಳ್ರಿ.”

“ಹಂಗಾದ್ರ ಚಿಂತಿಲ್ಲ,” ಎಂದಳು ದೀಪಾಲಿ. ಹಾಲಿಗೆ ಹಾಲೇ ನಕ್ಕಿತು. ತಾನು ಇವತ್ತು ತಿಂಡಿ ತಿಂದಿಲ್ಲವೆಂಬುದು ಅವಳಿಗೆ ಆಗ ನೆನಪಾಯಿತು.

ಮುಖ್ಯೋಪಾಧ್ಯಾಯಿನಿ ಶಾಲು ಹೊದಿಸಿದರು. ಜೊತೆಗೆ ಒಂದು ತೆಳ್ಳನೆಯ ಚೀಲ ತುಂಬ ಹೊಸ ಮೆಣಸಿನಕಾಯಿ. “ಬ್ಯಾಡಗಿಗೆ ಬಂದವರು ಬರಿಗೈಲೆ ಹೋಗಬಾರ್ದ್ರಿ. ಹೆದರಬ್ಯಾಡ್ರಿ, ಖಾರಿಲ್ಲ. ನಮ್ಮದು ಬರೇ ಬಣ್ಣ.”

ಅದನ್ನು ಅವಳು ಜೋಳಿಗೆಯಲ್ಲಿ, ಹಾರದ ಮೇಲೆಯೇ ಇಟ್ಟುಕೊಂಡಳು.

ರಾಣೆಬೆನ್ನೂರಿನ ಬಸ್ಸು ತುಂಬಿ ತುಳುಕುತ್ತಿತ್ತು. ಮೋಟೆಬೆನ್ನೂರಿನಲ್ಲಿ ಹತ್ತಿದ ಭಾರೀ ಹೆಂಗಸೊಬ್ಬಳು “ಸ್ವಲ್ಪ ಸರೀರಿ ಅಕ್ಕಾರ” ಎನ್ನುತ್ತ ಅರ್ಧ ಸೀಟಿನ ಮೇಲೆ, ಇನ್ನರ್ಧ ಜೋಳಿಗೆಯ ಮೇಲೆ ಕೂತಳು. ಒಳಗೆ ಏನೋ ಪಟಪಟ ಮುರಿಯಿತು. ದೀಪಾಲಿ ಗಮನಿಸಲಿಲ್ಲ. ಗಂಡ ಪ್ರಾಣೇಶನ ಫೋನು ಬಂದಿತ್ತು.

“ಎಲ್ಲಿದ್ದಿ?”

“ಬ್ಯಾಡಗ್ಯಾಗ.”

“ಊಟ?”

“ಆತು.”

“ಸರಿ.”

ಎರಡು ಸುಳ್ಳಿಗೆ ಒಂದು ‘ಸರಿ’. ಆರೋಗ್ಯಕರ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅವಳ ಉಪನ್ಯಾಸದಲ್ಲೂ ಇರಲಿಲ್ಲ.

ಅಂಗಡಿಯ ಮುಂದೆ ರಸ್ತೆಯೇ ಇರಲಿಲ್ಲ, ತಲೆಗಳಿದ್ದವು. ಶೈಲಶ್ರೀ ಅವಳನ್ನು ಹಿಂದಿನ ಬಾಗಿಲಿನಿಂದ ಎಳೆದುಕೊಂಡು ಹೋಗಿ ವೇದಿಕೆಗೆ ಹತ್ತಿಸಿದಳು. “ಲಗೂ ಹಾಕಿ ಇಳದ ಬಿಡ. ಆ ಮಂದಿ ಭಾಳ ಗಡಿಬಿಡಿ ಮಾಡ್ತಾರ.”

ಇಹಾನ್ ಅವಳ ಕಿವಿಯ ಎತ್ತರಕ್ಕೆ ಬರುತ್ತಿದ್ದ.

ಇದೊಂದು ಅವಳ ಲೆಕ್ಕದಲ್ಲಿರಲಿಲ್ಲ. ಬೆಳಿಗ್ಗೆ ಗಾಳಿಯಲ್ಲಿ ಅಳೆದವನು ಬೇರೆ ಯಾರೋ. ಆದರೂ ಕಪ್ಪು ಕನ್ನಡಕದ ಹಿಂದೆ ಇರುವುದು ಅವೇ ಕಣ್ಣು; ಹಾಲು ಉಕ್ಕುವ ಹೊತ್ತಿಗೆ ತನ್ನನ್ನು ನೋಡಿದ ಕಣ್ಣು. ಅವಳು ಹಾರವನ್ನು ಅವನ ಕೊರಳಿಗೆ ಇಳಿಬಿಟ್ಟಳು. ಅದು ನಿಜವಾಗಿಯೂ ಮೊಣಕಾಲಿಗೆ ಬಡಿಯಿತು.

“ನಾನು ದೀಪಾಲಿ. ಹಾವೇರಿ,” ಎಂದಳು.

“ಥ್ಯಾಂಕ್ಯೂ ಆಂಟಿ,” ಎಂದ ಇಹಾನ್. ಮರುಕ್ಷಣವೇ ಸೀನಿದ.

ಇನ್ನೊಮ್ಮೆ ಸೀನಿದ. ಮೂರನೆಯದಕ್ಕೆ ಕನ್ನಡಕ ಹಾರಿಬಿತ್ತು. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಜರಿಯ ಸಂದುಗಳಿಂದ ಮೆಣಸಿನ ಬೀಜಗಳು ಅವನ ಬಿಳಿ ಅಂಗಿಯ ಮೇಲೆ ಉದುರಿದವು.

“ಏನ್ರೀ ಹಾಕಿದೀರಾ ಇದಕ್ಕೆ?” ಅದು ಹಾಡಿನ ದನಿಯಲ್ಲ. ಅದರಲ್ಲಿ ಬರೀ ಗಾಬರಿಯಿತ್ತು.

“ವಾಯ್ಸ್! ವಾಯ್ಸ್ ಹೋಗತ್ತೆ!” ಮ್ಯಾನೇಜರ್ ಹಾರವನ್ನು ಹಾವಿನಂತೆ ಎತ್ತಿ ಅವಳ ಕೈಗೆ ತುರುಕಿದ. ಗೋಡೆಯಂಥ ಅಂಗರಕ್ಷಕನೊಬ್ಬ ನಡುವೆ ಬಂದು ನಿಂತ. “ಡಿಸ್ಟೆನ್ಸ್, ಮೇಡಂ. ಡಿಸ್ಟೆನ್ಸ್.”

ತನ್ನ ಇಡೀ ಉಪನ್ಯಾಸವನ್ನು ಅವನು ಒಂದೇ ಪದದಲ್ಲಿ, ಅದೂ ಅಂಗೈಯಿಂದ ತಳ್ಳುತ್ತ, ಮುಗಿಸಿದ್ದ.

“ಬ್ಯಾಡಗಿ ಹೆಣ್ಮಗಳಲೇ!” ಎಂದು ಗುಂಪಿನಲ್ಲಿ ಯಾರೋ ಕೂಗಿದರು. ನಗೆ ಎದ್ದಿತು. ಮೊಬೈಲುಗಳು ಮೇಲೆದ್ದವು. “ಏನ್ ಮಾಡಿದಿವಾ!” ಎಂದ ಶೈಲಶ್ರೀಯೂ ಸೆರಗು ಬಾಯಿಗಿಟ್ಟುಕೊಂಡಿದ್ದಳು. ನಗುವಿಗೋ ಘಾಟಿಗೋ ತಿಳಿಯಲಿಲ್ಲ.

ಹಿಂದಿನ ಸಂದಿಯಲ್ಲಿ, ನಿಲ್ಲಿಸಿದ ಸ್ಕೂಟರುಗಳ ನಡುವೆ ದಾರಿ ಹುಡುಕುತ್ತಿದ್ದಾಗ ಮೈಕು ಕೇಳಿಸಿತು. “ರಾಣೆಬೆನ್ನೂರು! ನೀವು ಒಬ್ಬರೇ ಇಲ್ಲ. ನಾನಿದ್ದೀನಿ.” ಊರಿಗೆ ಊರೇ ಹೋ ಎಂದಿತು.

ಮನೆ ಮುಟ್ಟಿದಾಗ ಮುಸ್ಸಂಜೆ. ನಡುಮನೆಯ ಗೋಡೆಯ ಮೇಲೆ ಫೋಟೋ ಇರಲಿಲ್ಲ. ಅದು ಮುಚ್ಚಿಕೊಂಡಿದ್ದ ಜಾಗದಲ್ಲಿ ಬಣ್ಣ ಮಾಸದೆ ಉಳಿದ ಒಂದು ಚೌಕ, ಮೇಲೊಂದು ಮೊಳೆ.

“ಇಳಿಸಿದೆ,” ಎಂದಳು ಶ್ರದ್ಧಾ. ಟ್ಯೂಷನ್ನಿಗೆ ಹೊರಟಿದ್ದಳು.

“ಬ್ಯಾಸರಾತೇನು?”

“ಯಾಕ? ಹಾಡು ಫೋನಿನಾಗ ಅದಾವಲ್ಲ.” ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿದಳು. “ವಿಡಿಯೋ ನೋಡಿದೆ ಅವ್ವಾ.”

“ಯಾವ ವಿಡಿಯೋ?”

ಮಗಳು ಒಂದು ಕ್ಷಣ ಅವಳ ಮುಖ ನೋಡಿದಳು. ಬ್ಯಾಡಗಿಯ ತಾಯಂದಿರಿಗೆ ದೀಪಾಲಿ ಹೇಳಿಕೊಟ್ಟ ‘ಮೆಲ್ಲಗೆ’ ಆ ನೋಟದಲ್ಲಿತ್ತು.

“ಏನಿಲ್ಲ ಬಿಡು. ಕಣ್ಣು ತೊಳಕೋ, ಕೆಂಪಗಾಗ್ಯಾವ.” ಕಿವಿಗೆ ವೈರು ಸಿಕ್ಕಿಸಿಕೊಂಡು, ಗುನುಗುತ್ತ ಹೋದಳು. ಅವನದೇ ಹಾಡು.

ಹಾರ ಎಲ್ಲಿಡುವುದು? ಕಪಾಟಿನಲ್ಲಿಟ್ಟರೆ ಬಟ್ಟೆಗೆಲ್ಲ ಘಾಟು. ಹೊರಗೆ ಒಗೆದರೆ ಅಕ್ಕಪಕ್ಕದವರು ಕೇಳುತ್ತಾರೆ. ಮೊಳೆ ಖಾಲಿ ಇತ್ತು. ಗಾಳಿಗಾರಲಿ ಎಂದು ಅದಕ್ಕೇ ಹಾಕಿ, ಬೆನ್ನ ಹಿಂದಿನ ದೀಪದ ಗುಂಡಿ ಒತ್ತಿದಳು.

ಏಲಕ್ಕಿಯ ವಾಸನೆಗೆ ಅತ್ತೆ ಗೋದೂಬಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಎರಡೂ ಕಣ್ಣಿಗೆ ಪೊರೆ. ಹಾರದ ಜರಿ ಹೊಳೆದದ್ದಷ್ಟೇ ಕಂಡಿರಬೇಕು.

“ಯಾರು ಹೋದ್ರು ದೀಪಾಲಿ? ನನಗ ಯಾಕ ಹೇಳ್ಲಿಲ್ಲ?”

“ಯಾರೂ ಇಲ್ರಿ.”

“ಮತ್ತ ಹಾರ? ನಮ್ಮ ಪೈಕಿಯವರೇನು?”

ನಿಜ ಹೇಳಬೇಕೆಂದರೆ ಮಕ್ತುಮಬಿಯಿಂದ ಶುರುಮಾಡಬೇಕಿತ್ತು. ದೀಪಾಲಿಗೆ ದಣಿವಾಗಿತ್ತು.

“ಅಲ್ರಿ. ದೂರದವರು.”

“ದೂರದವರಿಗೆ ಹಿಂಗ್ಯಾಕ ಅಳ್ತೀಯವಾ?” ಗೋದೂಬಾಯಿ ಅವಳ ಒದ್ದೆ ಕೆನ್ನೆ ಸವರಿ, ದೇವರ ಗೂಡಿನಿಂದ ಒಂದು ಊದಿನಕಡ್ಡಿ ಹಚ್ಚಿ ತಂದು, ತಡವರಿಸಿ ಮೊಳೆಯ ಕೆಳಗಿನ ಸಂದಿಗೆ ಸಿಕ್ಕಿಸಿದರು. ಹೊಗೆ ಗಾಜು ಹುಡುಕುತ್ತ ಮೇಲೇರಿ ಬರಿಗೋಡೆಯ ಮೇಲೆ ಹರಡಿತು.

“ಮುಖ ಕಾಣವಲ್ದು,” ಎಂದು ಕಣ್ಣು ಕಿರಿದು ಮಾಡಿದರು.

ದೀಪಾಲಿ ಹಾರವನ್ನು ತೆಗೆದುಬಿಡಲೆಂದು ಒಂದು ಹೆಜ್ಜೆ ಮುಂದಿಟ್ಟಳು. ದೀಪ ಹಿಂದೆ ಇತ್ತು. ಅವಳ ತಲೆ, ಕೊರಳು, ಹೆಗಲಿನ ನೆರಳು ಕಪ್ಪಗೆ ಹೋಗಿ ಆ ಬಿಳಿ ಚೌಕದ ನಟ್ಟನಡುವೆ ಕೂತಿತು. ಹಾರ ಸುತ್ತಲೂ ಸರಿಯಾಗಿ ಹೊಂದಿಕೊಂಡಿತು.

“ಹಾಂ, ಈಗ ಕಾಣ್ತು ನೋಡು,” ಎಂದರು ಗೋದೂಬಾಯಿ. “ಹೆಣ್ಮಗಳು.”

ಕೈಮುಗಿದು ನಿಂತರು.

ದೀಪಾಲಿ ಅಲುಗಲಿಲ್ಲ. ಅಲುಗಿದರೆ ಫೋಟೋ ಅಲುಗುತ್ತಿತ್ತು.