ಔಷಧ ಹೊಡೆದಿಲ್ಲ

ನಾನು ಒಂದು ತಗಡಿನ ಫಲಕ. ಊಟದ ಮಣೆಯಷ್ಟು ಅಗಲ, ಕೆಳಗೆ ಒಂದು ಕಬ್ಬಿಣದ ಕಾಲು. ಹಾವೇರಿ ಕಡೆಯ ಒಂದು ಪೇಟೆಯಲ್ಲಿ, ವೆಲ್ಡಿಂಗ್ ಅಂಗಡಿಯೊಂದರ ಮುಂದಿನ ಕಟ್ಟೆಯ ಮೇಲೆ ಹುಟ್ಟಿದೆ. ಒಂದೇ ಹಾಳೆಯಿಂದ ನನ್ನನ್ನೂ ನನ್ನ ನಾಲ್ವರು ಅಣ್ಣಂದಿರನ್ನೂ ಕತ್ತರಿಸಿದರು. ಹುಟ್ಟಿದಾಗ ನಮ್ಮಲ್ಲಿ ಯಾವ ಭೇದವೂ ಇರಲಿಲ್ಲ. ಭೇದ ಬಂದದ್ದು ಪೇಂಟರ್ ಬಾಬಾಜಾನನ ಕುಂಚದಿಂದ.

ದೊಡ್ಡಣ್ಣನ ಮೇಲೆ ಅವನು 'ರಾಸಾಯನಿಕ ಕೀಟನಾಶಕ' ಎಂದು ಬರೆದ. ಎರಡನೆಯವನ ಮೇಲೆ 'ಬೇವಿನ ಬೀಜದ ಕಷಾಯ', ಮೂರನೆಯವನ ಮೇಲೆ 'ಶಿಲೀಂಧ್ರದ ಪುಡಿ', ನಾಲ್ಕನೆಯವನ ಮೇಲೆ 'ಒಮ್ಮೆ ಬೇವು, ಒಮ್ಮೆ ರಾಸಾಯನಿಕ'. ನನ್ನ ಸರದಿ ಬಂದಾಗ ಚೀಟಿ ನೋಡಿ ನಕ್ಕುಬಿಟ್ಟ.

"ಔಷಧ ಹೊಡೆದಿಲ್ಲ ಅಂತನ್ರೀ? ಹೊಡದಿಲ್ಲ ಅನ್ನಾಕೂ ಒಂದು ಬೋರ್ಡ್ ಬೇಕಾ ಮೇಡಂ?"

"ಅದ ಮುಖ್ಯ ರೀ ಚಾಚಾ. ಅದಿಲ್ಲಂದ್ರ ಉಳಿದ ನಾಲ್ಕಕ್ಕೂ ಬೆಲಿ ಇಲ್ಲ" ಎಂದಳು ತಹಸೀನ್.

ತಹಸೀನ್ ಕೃಷಿ ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಿದ್ದ ಹುಡುಗಿ. ಹತ್ತಿಯ ರಸ ಹೀರುವ ಕೀಟಗಳಿಗೆ ಯಾವ ಔಷಧ ನಾಟುತ್ತದೆ ಎಂದು ರೈತರ ಹೊಲದಲ್ಲೇ ಪರೀಕ್ಷಿಸುವುದು ಅವಳ ಕೆಲಸ. ಕೆಲವು ಊರುಗಳಲ್ಲಿ ಒಂದೊಂದು ಹೊಲ ಹಿಡಿದಿದ್ದಳು. ಪ್ರತಿ ಹೊಲದಲ್ಲೂ ಐದು ಪಟ್ಟಿ. ನಾಲ್ಕಕ್ಕೆ ನಾಲ್ಕು ಬಗೆಯ ಔಷಧ, ಐದನೆಯದಕ್ಕೆ ಏನೂ ಇಲ್ಲ. ಆ ಏನೂ ಇಲ್ಲದ್ದರ ಮುಂದೆ ನಿಲ್ಲುವವನು ನಾನು. 'ಅದೇ ಮುಖ್ಯ' ಎಂದು ಅವಳು ಹೇಳಿದ್ದು ಕೇಳಿ, ಹೊಸ ಬಣ್ಣದ ಜತೆಗೆ ನನಗೆ ಸ್ವಲ್ಪ ಸೊಕ್ಕೂ ಬಂತು.

ನಮ್ಮನ್ನು ಟೆಂಪೋದಲ್ಲಿ ಹಾಕಿಕೊಂಡು ಹೊನ್ನವ್ವನ ಹೊಲಕ್ಕೆ ತಂದರು. ಹೊನ್ನವ್ವನ ಗಂಡ ಮಲ್ಲೇಶಿ ಬೋರ್‌ವೆಲ್ ಗಾಡಿಯ ಮೇಲೆ ಕೆಲಸಕ್ಕಿದ್ದ. ತಿಂಗಳುಗಟ್ಟಲೆ ಆಂಧ್ರದ ಕಡೆಗೇ ಇರುತ್ತಿದ್ದ. ಅವನ ಪಾಲಿನ ಹೊಲವನ್ನು ಅಲ್ಲಿಯವರೆಗೆ ಅವನ ಅಣ್ಣ ಶಿದ್ಲಿಂಗಪ್ಪ ಮಾಡುತ್ತಿದ್ದ. ಬೆಳೆದದ್ದರಲ್ಲಿ ತನಗೆ ತೋಚಿದಷ್ಟು ಕೊಡುತ್ತಿದ್ದ. ಆ ವರ್ಷ ಹೊನ್ನವ್ವ ಹಟ ಹಿಡಿದು ಹೊಲವನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. "ಒಂದು ವರ್ಷ ಮಾಡಿ ತೋರಸು. ಕೆಡಿಸಿದಿ ಅಂದ್ರ ಯುಗಾದಿಗೆ ನನಗ ತಿರುಗಿ ಕೊಡಬೇಕು" ಎಂದು ಶಿದ್ಲಿಂಗಪ್ಪ ನಾಲ್ಕು ಜನರ ಮುಂದೆ ಹೇಳಿದ್ದ. ಅವಳು ಹೂಂ ಅಂದಿದ್ದಳು. ಕಾಲೇಜಿನವರು ಬಂದು ನೋಡುವ ಹೊಲವೆಂದರೆ ಊರಲ್ಲಿ ಒಂದು ತೂಕ ಬರುತ್ತದೆ ಎಂದೇ ಅವಳು ಪರೀಕ್ಷೆಗೆ ಒಪ್ಪಿದ್ದು.

ಯಾವ ಪಟ್ಟಿಗೆ ಯಾವ ಔಷಧ ಎಂಬುದನ್ನು ಯಾರೂ ತಮ್ಮ ಮನಸ್ಸಿಗೆ ಬಂದಂತೆ ಇಡುವ ಹಾಗಿಲ್ಲ. ಚೀಟಿ ಎತ್ತಬೇಕು. ತಹಸೀನ್ ಸ್ಟೀಲ್ ಲೋಟದಲ್ಲಿ ಚೀಟಿ ಹಾಕಿ ಅಲುಗಿಸಿದಳು. ರಸ್ತೆ ಬದಿಯ ಪಟ್ಟಿಗೆ ಹೊನ್ನವ್ವ ಎತ್ತಿದ ಚೀಟಿ ನನ್ನದು. ತಹಸೀನ್ ಸಣ್ಣ ಕುಂಚದಿಂದ ನಮ್ಮೆಲ್ಲರ ಮೇಲೂ ಹೊನ್ನವ್ವನ ಹೆಸರು ಬರೆದು ನಿಲ್ಲಿಸಿದಳು. ತನ್ನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಹೊನ್ನವ್ವ ಮೊದಲ ಸಲ ನೋಡಿದ್ದು. ಸೆರಗಿನಿಂದ ನನ್ನ ಮೇಲಿನ ಧೂಳು ಒರೆಸಿದಳು.

ನನ್ನೆದುರಿಗೆ, ರಸ್ತೆಯಾಚೆ, ಬಸ್ಸು ನಿಲ್ಲುವ ಜಾಗ. ಕಾಯುವವರಿಗೆ ಓದಲು ಬೇರೇನೂ ಇರಲಿಲ್ಲ. ನನ್ನನ್ನೇ ಓದುತ್ತಿದ್ದರು.

ಗಿಡಗಳು ಮೊಣಕಾಲೆತ್ತರ ಬಂದಾಗ ಕೀಟ ಬಿತ್ತು. ಜಿಗಿಹುಳ ಬಹಳ ಸಣ್ಣದು, ಎಲೆಯಷ್ಟೇ ಹಸಿರು. ಎಲೆಯ ಅಡಿಯಲ್ಲಿ ಕೂತು ರಸ ಹೀರುತ್ತದೆ, ಮುಟ್ಟಿದರೆ ಅಡ್ಡಡ್ಡ ಓಡುತ್ತದೆ. ಜತೆಗೆ ಗಿಡದ ಹೇನು, ನುಸಿ, ಬಿಳಿ ನೊಣ. ತಹಸೀನ್ ವಾರಕ್ಕೊಮ್ಮೆ ಬೆಳಿಗ್ಗೆಯ ಬಸ್ಸಿಗೆ ಬಂದು, ಬಗ್ಗಿ, ಮೇಲಿನ ಎಲೆ, ನಡುವಿನ ಎಲೆ, ಕೆಳಗಿನ ಎಲೆ ಮಗುಚಿ ನೋಡಿ ಹುಳ ಎಣಿಸುತ್ತಿದ್ದಳು. ಅಣ್ಣಂದಿರ ಪಟ್ಟಿಗಳಿಗೆ ಔಷಧ ಬಿತ್ತು. ಕಷಾಯವನ್ನು ಹೊನ್ನವ್ವ ತಾನೇ ಮಾಡಿದಳು. ಬೇವಿನ ಬೀಜ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯಿಡೀ ನೀರಲ್ಲಿ ನೆನೆಸಿ ಹಿಂಡಬೇಕು. ಅವಳ ಅಂಗೈ ವಾರಗಟ್ಟಲೆ ಕಹಿ ನಾರುತ್ತಿತ್ತು. ಹುಳಕ್ಕೆ ರೋಗ ತರುವ ಶಿಲೀಂಧ್ರದ ಪುಡಿಗೆ ಅವಳು ಬೂಷ್ಟಿನ ಪುಡಿ ಎಂದು ಹೆಸರಿಟ್ಟಿದ್ದಳು. ಅದರ ಮೇಲೆ ಅವಳಿಗೆ ನಂಬಿಕೆ ಹುಟ್ಟಲಿಲ್ಲ. ಬೇವಿನ ಮೇಲೆ ಹುಟ್ಟಿತು. ಆ ಪಟ್ಟಿ ಹಸಿರಾಗಿಯೇ ನಿಂತಿತ್ತು.

ನನ್ನ ಪಟ್ಟಿ ಕೆಟ್ಟಿತು. ಎಲೆಯ ಅಂಚು ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ಮುದುಡಿಕೊಂಡಿತು. ಬಸ್ಸಿಗೆ ಕಾಯುವವರಿಗೆ ಹಬ್ಬ.

"ಎಣ್ಣಿ ಹೊಡದಿಲ್ಲ ಅಂತ ಬರಸ್ಯಾಳಲ್ಲೋ! ಅದನ್ನೇನ ಬರೀಬೇಕಾ, ಕಣ್ಣಿಗೆ ಕಾಣಾಕತ್ತೈತಿ." ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು.

"ಹೆಣ್ಮಕ್ಕಳ ಹೊಲ ಅಂದ್ರ ಹಂಗ. ಅಡಗಿಗೆ ಎಣ್ಣಿ ಹಾಕಿದ್ರ ಹೊಲಕ್ಕ ಉಳಿಯಂಗಿಲ್ಲ."

ಶಿದ್ಲಿಂಗಪ್ಪ ಬೈಕು ನಿಲ್ಲಿಸಿ ನನ್ನನ್ನು ಗಟ್ಟಿಯಾಗಿ ಓದುತ್ತಿದ್ದ. ಹೆಸರಿನ ಸಮೇತ. ಹೊನ್ನವ್ವ ಕಸ ಕೀಳುತ್ತಾ ಅಲ್ಲೇ ಇದ್ದರೂ, ತಲೆ ಎತ್ತದೆ ಕೀಳುತ್ತಿದ್ದಳು. ಉಳಿದ ನಾಲ್ಕು ಪಟ್ಟಿಗಳು ಅವನಿಗೂ ಕಾಣುತ್ತಿದ್ದವು. ನೋಡುವ ಮನಸ್ಸಿರಲಿಲ್ಲ. ನಾನು ಹೇಳುತ್ತಿದ್ದದ್ದು ನಿಜವೇ. ಆದರೆ ಆ ನಿಜದಿಂದ ಒಬ್ಬಳು ದಿನಾ ತಲೆ ತಗ್ಗಿಸುತ್ತಿದ್ದಳು. ನನ್ನ ಸೊಕ್ಕು ಅಲ್ಲಿಗೆ ಇಳಿಯಿತು.

ಹೊನ್ನವ್ವ ಒಮ್ಮೆ ತಹಸೀನಳನ್ನು ಕೇಳಿದಳು. "ಈ ಬೋರ್ಡು ಒಳಗಿನ ಪಟ್ಟಿಗೆ ಹಾಕವಾ. ರಸ್ತೆಗಿ ಬ್ಯಾಡ."

"ಬರಂಗಿಲ್ಲ ಹೊನ್ನಕ್ಕ. ಚೀಟಿ ಎತ್ತಿದ ಮ್ಯಾಲ ಮುಗೀತು. ಇದು ಕೆಟ್ಟರನ ಉಳಿದದ್ದು ಎಷ್ಟು ಚಲೋ ಅಂತ ಗೊತ್ತಾಗೂದು."

"ಕೆಡ್ಲಿ. ನನ್ನ ಹೆಸರಿನಾಗ ಯಾಕ ಕೆಡಬೇಕು?"

ತಹಸೀನ್ ಎಣಿಕೆಯ ಪುಸ್ತಕ ಚೀಲಕ್ಕೆ ಹಾಕಿದಳು. ಬಸ್ಸು ಬಂತು, ಹತ್ತಿ ಹೋದಳು.

ಕ್ಷೇತ್ರೋತ್ಸವದ ದಿನ ಗೊತ್ತಾಯಿತು. ಕಾಲೇಜಿನ ದೊಡ್ಡ ಸಾಹೇಬರು ಬರುತ್ತಾರೆ, ಸುತ್ತಲಿನ ಊರಿನವರೆಲ್ಲ ಹೊಲ ನೋಡಲು ಬರುತ್ತಾರೆ. ಅದಕ್ಕೆ ಕೆಲವು ವಾರ ಮುಂಚೆ, ಊರಿಗೆ ಊರೇ ಒಂದು ಮದುವೆಯ ಊಟಕ್ಕೆ ಹೋಗಿದ್ದ ಮಧ್ಯಾಹ್ನ, ಹೊನ್ನವ್ವ ಬೆನ್ನಿಗೆ ಪಂಪು ಹಾಕಿಕೊಂಡು ಬಂದಳು. ದೊಡ್ಡಣ್ಣನ ಪಟ್ಟಿಗೆ ಹೊಡೆದು ಉಳಿದಿದ್ದ ಔಷಧ. ನನ್ನ ಪಟ್ಟಿಗೆ ಆ ತುದಿಯಿಂದ ಈ ತುದಿಯವರೆಗೆ ಹೊಡೆದಳು. ನನ್ನ ಮುಖಕ್ಕೂ ಹನಿ ಬಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ಕೆಂಪಾದ ಎಲೆಗಳನ್ನು ಚಿವುಟಿ, ಸೆರಗಲ್ಲಿ ತುಂಬಿಕೊಂಡು ಹೋಗಿ ಬದುವಿನಲ್ಲಿ ಹೂತಳು. ಬುಡಕ್ಕೆ ಹಿಡಿ ಹಿಡಿ ಯೂರಿಯಾ ಹಾಕಿದಳು. ಮುಂದೆ ಇನ್ನೊಮ್ಮೆ ಹಾಗೇ ಮಾಡಿದಳು. ಆ ವಾರಗಳಲ್ಲಿ ತಹಸೀನಳಿಗೆ ಪರೀಕ್ಷೆ ಇತ್ತು, ಬಂದಿರಲಿಲ್ಲ. ಗಿಡ ಚಿಗುರಿತು. ಚಿಗುರು ಹಸಿರಾಗಿತ್ತು. ಗಿಡ ತಾನಾಗೇ ಚೇತರಿಸಿಕೊಂಡಿತು ಎಂದು ಬಸ್ಸಿಗೆ ಕಾಯುವವರು ಅಂದುಕೊಂಡರು. ನಾನು ಅದರ ಮುಂದೆ 'ಔಷಧ ಹೊಡೆದಿಲ್ಲ' ಎನ್ನುತ್ತಾ ನಿಂತಿದ್ದೆ.

ಕ್ಷೇತ್ರೋತ್ಸವದ ಬೆಳಿಗ್ಗೆ ತಹಸೀನ್ ಎಲ್ಲರಿಗಿಂತ ಮೊದಲು ಬಂದಳು. ಒಂದು ಎಲೆ ಮಗುಚಿದಳು. ಇನ್ನೊಂದು ಮಗುಚಿದಳು. ಹುಳ ಇರಲಿಲ್ಲ. ಎಲೆ ಚಿವುಟಿದ್ದ ಗಾಯಗಳ ಮೇಲೆ ಬೆರಳಾಡಿಸಿದಳು. ನೀರಿನ ತಂಬಿಗೆ ತಂದ ಹೊನ್ನವ್ವನನ್ನು ನೋಡಿದಳು. ಹೊನ್ನವ್ವ ನೆಲ ನೋಡಿದಳು. ಅಷ್ಟರಲ್ಲಿ ರಸ್ತೆಯಲ್ಲಿ ಸಾಹೇಬರ ಜೀಪು ನಿಂತಿತು. ತಹಸೀನ್ ತಂಬಿಗೆ ತೆಗೆದುಕೊಂಡು ನೀರು ಕುಡಿದಳು. ಸಾಹೇಬರನ್ನು ಎದುರುಗೊಳ್ಳಲು ಹೋದಳು.

ಶಾಮಿಯಾನದ ಕೆಳಗೆ ಚಹಾ, ಚುರುಮುರಿ ಆಯಿತು. ಜನ ಪಟ್ಟಿಯಿಂದ ಪಟ್ಟಿಗೆ ಬಂದರು. ಸಾಹೇಬರು ನನ್ನ ಮುಂದೆ ನಿಂತು, ಗಿಡ ನೋಡಿ, ನನ್ನನ್ನು ನೋಡಿ, ಮತ್ತೆ ಗಿಡ ನೋಡಿದರು. "ಈ ಭಾಗದಲ್ಲಿ ಈ ಸಲ ಕೀಟದ ಬಾಧೆ ಕಡಿಮೆ ಇದ್ದಂತಿದೆ" ಎಂದರು. ಅವರು ಎಲೆ ಮಗುಚಲಿಲ್ಲ.

"ಹಂಗಾರ ಬೇವು ಕುಟ್ಟೂದು ದಂಡ ಬಿಡ್ರಿ" ಎಂದ ಒಬ್ಬ. "ಹೊಡದ್ರೂ ಅಷ್ಟ, ಹೊಡೀಲಿಲ್ಲಂದ್ರೂ ಅಷ್ಟ!" ಎಲ್ಲರೂ ನಕ್ಕರು. ಬೇವಿನ ಪಟ್ಟಿ ಪಕ್ಕದಲ್ಲೇ ಇತ್ತು. ಅದರ ಹಸಿರಿಗೆ ಈಗ ಬೆಲೆ ಇರಲಿಲ್ಲ.

ಶಿದ್ಲಿಂಗಪ್ಪ ಮುಂದೆ ಬಂದ. "ನಮ್ಮ ಮನಿತನದ ಭೂಮಿನ ಅಂಥಾದ್ದು ಸಾಹೇಬ್ರ. ಏನ್ ಹಾಕದಿದ್ರೂ ಬೆಳಿತೈತಿ" ಎಂದ. ಕೆಡಿಸಿದ್ದಾಳೆ ಎನ್ನುವ ದಾರಿಯನ್ನು ತಾನೇ ಮುಚ್ಚಿಕೊಂಡ. ಹೊಲ ಹೊನ್ನವ್ವನ ಕೈಯಲ್ಲೇ ಉಳಿಯುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು.

ಆಗ ಗುಂಪಿನ ಹಿಂದಿನಿಂದ ಫಕ್ಕೀರವ್ವ ಬಂದಳು. ಅವಳ ಹೊಲ ಅದೇ ರಸ್ತೆಗೆ, ಸ್ವಲ್ಪ ಮುಂದೆ. ಹಿಂದಿನ ವರ್ಷ ಎಣ್ಣೆ ಹೊಡೆಯುವಾಗ ಅವಳ ಗಂಡ ಹೊಲದಲ್ಲೇ ಬಿದ್ದು, ಆಸ್ಪತ್ರೆಯಲ್ಲಿ ವಾಂತಿ ಮಾಡಿಕೊಳ್ಳುತ್ತಾ ಮಲಗಿದ್ದ. ಬದುಕಿದ. ಆದರೆ ಮತ್ತೆ ಪಂಪು ಮುಟ್ಟಲು ಒಪ್ಪುತ್ತಿರಲಿಲ್ಲ.

"ಖರೇನ ಏನೂ ಹೊಡದಿಲ್ಲೇನ ಹೊನ್ನಕ್ಕಾ?" ಎಂದು ಕೇಳಿದಳು.

ಎಲ್ಲರೂ ಹೊನ್ನವ್ವನ ಕಡೆ ತಿರುಗಿದರು. ಶಿದ್ಲಿಂಗಪ್ಪನೂ. ಹೊನ್ನವ್ವ ಕೈ ಎತ್ತಿ ನನ್ನನ್ನು ತೋರಿಸಿದಳು.

"ಬೋರ್ಡಿನಾಗ ಬರದೈತಲ್ಲವಾ."

ಅವಳ ಬಾಯಿ ಸುಳ್ಳು ಹೇಳಲಿಲ್ಲ. ಹೇಳಿದ್ದು ನಾನು. ಭೂಮಿ ಬಾಯಿ ಬಿಟ್ಟು ನನ್ನ ಕಬ್ಬಿಣದ ಕಾಲನ್ನು ಪೂರ್ತಿ ಒಳಗೆ ಎಳೆದುಕೊಳ್ಳಬಾರದೇ ಅನಿಸಿತು. ಫಕ್ಕೀರವ್ವ ನನ್ನನ್ನು ನಿಧಾನವಾಗಿ, ಅಕ್ಷರ ಕೂಡಿಸಿ ಓದಿ, ತಲೆಯಾಡಿಸಿ ಹೋದಳು.

ಹತ್ತಿ ಬಿಡಿಸಿದ ಮೇಲೆ ತಹಸೀನ್ ಫಲಕ ಒಯ್ಯಲು ಬಂದಳು. ಅಣ್ಣಂದಿರನ್ನು ಕಿತ್ತಳು. ನನ್ನನ್ನು ಮುಟ್ಟಲಿಲ್ಲ.

"ಈ ಹೊಲದ ಲೆಕ್ಕ ನಾ ಹಿಡಿಯಂಗಿಲ್ಲ ಹೊನ್ನಕ್ಕ. ಬ್ಯಾರೆ ಊರಿನ ಹೊಲಾ ಅದಾವ, ಸಾಕು."

"ಸಾಹೇಬ್ರಿಗೆ ಯಾಕಂತ ಹೇಳಿದ್ಯಾ?"

"ಇಲ್ಲ. ಆನಿ ಬಂದು ಹತ್ತಿ ತುಳದ್ವು ಅಂತ ಹೇಳೀನಿ."

"ನಮ್ಮೂರಾಗ ಎಲ್ಲಿ ಆನಿ?"

"ಮತ್ತೇನ್ ಹೇಳ್ಲಿ? ನಿಮ್ಮ ಹೆಸರು ಹೇಳ್ಲಿ?" ಎಂದಳು ತಹಸೀನ್. ಸಿಟ್ಟಿನಲ್ಲಿ ಅವಳ ಕಣ್ಣು ತುಂಬಿತ್ತು. ಇಬ್ಬರೂ ನಗಲಿಲ್ಲ. ಹೊನ್ನವ್ವ ಅವಳಿಗೆ ಚಹಾ ಕುಡಿದು ಹೋಗು ಎನ್ನಲೂ ಇಲ್ಲ.

ಹೊನ್ನವ್ವ ನನ್ನನ್ನು ಕಿತ್ತು, ಹಿತ್ತಲಿನ ನೀರಿನ ತೊಟ್ಟಿಗೆ ಮುಚ್ಚಳ ಮಾಡಿದಳು. ಅಕ್ಷರದ ಮುಖ ಕೆಳಗೆ. ಯುಗಾದಿ ಬಂತು, ಹೋಯಿತು. ಹೊಲ ಯಾರೂ ಕೇಳಲಿಲ್ಲ. ಮಳೆಗಾಲದಲ್ಲಿ ಅವಳು ಮತ್ತೆ ಹತ್ತಿ ಹಾಕಿದಳು.

ಒಂದು ದಿನ ಅವಳು ತೊಟ್ಟಿಯ ಪಕ್ಕ ಕೂತು ಬೇವಿನ ಬೀಜ ಕುಟ್ಟುತ್ತಿದ್ದಾಗ ಹಿತ್ತಲ ಬಾಗಿಲು ತಳ್ಳಿಕೊಂಡು ಫಕ್ಕೀರವ್ವ ಬಂದಳು. ಕೈಯಲ್ಲಿದ್ದ ಎಲೆಗಳನ್ನು ನನ್ನ ಬೆನ್ನ ಮೇಲೆ ಸುರಿದಳು. ಕೆಂಪಾಗಿ ಮುದುಡಿದ ಎಲೆಗಳು.

"ನೋಡು ಹೊನ್ನಕ್ಕ. ನೀ ಹೊಡದಿಲ್ಲ ಅಂತ ನಾನೂ ಹೊಡೀಲಿಲ್ಲ. ಅರ್ಧ ಹೊಲ ಹಿಂಗ ಆಗೇತಿ. ನಿನ್ನ ಭೂಮ್ಯಾಗ ಏನೈತಿ, ನನ್ನದರಾಗ ಏನಿಲ್ಲ?" ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಒರಳಿನ ಮೇಲೆ ಬಿತ್ತು. "ಇದೇನು? ದಂಡ ಅಂದಿದ್ರಲ್ಲ. ನೀ ಕುಟ್ಟಾಕತ್ತೀಯಲ್ಲ?"

ಒನಕೆ ನಿಂತಿತು. ಹೊನ್ನವ್ವ ಅದನ್ನು ಗೋಡೆಗೆ ಒರಗಿಸಿದಳು.

"ಹೊಡದಿದ್ದೆ" ಎಂದಳು. "ಎರಡು ಸಲ. ಬೇವಲ್ಲ, ಎಣ್ಣಿನ. ನಮ್ಮ ಭಾವ ಹೊಲ ಕಸಗೋತಾನಂತ ಹೊಡದೆ. ಬೇವು ಹೊಡದ ಪಟ್ಟಿ ಮಾತ್ರ ಖರೇನ ಬೇವಿನಿಂದ ಉಳಿದಿತ್ತು."

ಫಕ್ಕೀರವ್ವ ಕೂಗಾಡುತ್ತಾಳೆಂದು ನಾನು ಕಾದೆ. ಅವಳು ಕೂಗಾಡಲಿಲ್ಲ.

"ಆ ಬೋರ್ಡು ಎಲ್ಲೈತಿ?"

ಹೊನ್ನವ್ವ ನನ್ನನ್ನು ಮಗುಚಿದಳು. ನೀರಿನ ತೇವಕ್ಕೆ ಅಂಚು ತುಕ್ಕು ಹಿಡಿದಿತ್ತು. ಅಕ್ಷರಗಳು ಹಾಗೇ ಇದ್ದವು.

"ಕೊಡು. ನನ್ನ ಹೊಲದಾಗ ಹುಗಿತೀನಿ. ಈ ಸಲ ಖರೇ ಐತಿ."

"ನನ್ನ ಹೆಸರೈತಿ ಅದರಾಗ." ಹೊನ್ನವ್ವ ಕುಡಗೋಲು ಎತ್ತಿಕೊಂಡಳು. "ಕೆರದು ಕೊಡ್ಲಿ?"

"ಕೆರೀಬ್ಯಾಡ" ಎಂದಳು ಫಕ್ಕೀರವ್ವ.

ಹೊನ್ನವ್ವ ಕುಡಗೋಲು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಅದನ್ನು ಕೆಳಗಿಟ್ಟು, ನನ್ನನ್ನು ಅವಳ ಕೈಗೆ ಕೊಟ್ಟಳು. ಕುಟ್ಟಿದ್ದ ಬೇವನ್ನೂ ಬುಟ್ಟಿಗೆ ತುಂಬಿ ಕೊಟ್ಟಳು.

ನಾನು ಮತ್ತೆ ರಸ್ತೆಗೆ ಬಂದೆ, ಬೇರೆಯವರ ಕೆಟ್ಟ ಹತ್ತಿಯ ಮುಂದೆ, ಹೊನ್ನವ್ವನ ಹೆಸರು ಹೊತ್ತು. ಓದಿದವರು ಫಕ್ಕೀರವ್ವನನ್ನು ಕೇಳಿದರು. ಅವಳು ಹೇಳಿದಳು. ಊರಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಹೊನ್ನವ್ವ ಆ ದಿನಗಳಲ್ಲಿ ಪಂಪು ಹೊತ್ತು ಬಂದು, ನನ್ನ ಹಿಂದಿನ ಕೆಟ್ಟ ಅರ್ಧವನ್ನು ಬಿಟ್ಟು, ಉಳಿಯಬಹುದಾದ ಗಿಡಗಳಿಗೆ ಕಷಾಯ ಹೊಡೆಯುತ್ತಿದ್ದಳು. ಫಕ್ಕೀರವ್ವ ಅವಳೊಂದಿಗೆ ಮಾತಾಡುತ್ತಿರಲಿಲ್ಲ. ನೀರು ತಂದು ಪಂಪಿಗೆ ಹಾಕುತ್ತಿದ್ದಳು, ಅಷ್ಟೆ.

ಶಿದ್ಲಿಂಗಪ್ಪ ಬೈಕು ನಿಲ್ಲಿಸಿದ. ಈ ಸಲ ಗಟ್ಟಿಯಾಗಿ ಓದಲಿಲ್ಲ.

"ಹೊಡದಿದ್ದೇನು?"

"ಹೂಂ ಭಾವಾರ, ಹೊಡದಿದ್ದೆ."

"ಊರ ಮುಂದ ನನ್ನ ಕಡೆ ಹೊಗಳಿಸಿಕೊಂಡಿ. ನಾಚಿಕಿ ಇಲ್ಲೇನ ನಿನಗ?"

ಹೊನ್ನವ್ವ ಪಂಪಿನ ಹಿಡಿಕೆ ಬಿಟ್ಟು ಅವನ ಕಡೆ ತಿರುಗಿದಳು. ಮುಖ ಬೆವೆತಿತ್ತು, ಕೆಂಪಾಗಿತ್ತು.

"ಐತ್ರಿ. ಹೊಲಾನೂ ಐತಿ. ಬಿಡಂಗಿಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಮತ್ತೆ ಪಂಪು ಒತ್ತಲು ಶುರು ಮಾಡಿದ್ದಳು.

ಈಗ ನಾನು ಫಕ್ಕೀರವ್ವನ ಕೊಟ್ಟಿಗೆಯ ಹಿಂದೆ ಗೋಡೆಗೆ ಒರಗಿದ್ದೇನೆ. ಕಾಲು ಮುರಿದಿದೆ. ತುಕ್ಕು ಅಕ್ಷರಗಳನ್ನು ಒಂದೊಂದಾಗಿ ತಿನ್ನುತ್ತಿದೆ. ಎರಡನೆಯ ಹೊಲದಲ್ಲಿ ನಾನು ಹೇಳಿದ್ದು ನಿಜ. ಆದರೆ ಆ ಎಲೆಗಳು ಕೆಂಪಾದದ್ದು ಮೊದಲನೆಯ ಹೊಲದಲ್ಲಿ ನನ್ನನ್ನು ಓದಿದ್ದರಿಂದ. ಹಾಗಾಗಿ ನಿಜ ಹೇಳಿದೆನೆಂಬ ಹೆಮ್ಮೆ ನನಗೆ ಬರಲಿಲ್ಲ. ಮಳೆಗಾಲ ಬಂದಾಗ ಹೊನ್ನವ್ವ ಇಲ್ಲಿಗೇ ಬಂದು ಫಕ್ಕೀರವ್ವನ ಜತೆ ಬೇವು ಕುಟ್ಟುತ್ತಾಳೆ. ಇಬ್ಬರೂ ಈಗ ಸ್ವಲ್ಪ ಸ್ವಲ್ಪ ಮಾತಾಡುತ್ತಾರೆ. ನಾನಿರುವ ಮೂಲೆಗೆ ಮಾತ್ರ ಹೊನ್ನವ್ವ ಬೆನ್ನು ಹಾಕಿಯೇ ಕೂರುತ್ತಾಳೆ.