ರಾಧಾಬಾಯಿಯ ಒಂಬತ್ತು ಪರ್ಸೆಂಟು

ತಿಕೋಟಾದ ಹದಿನಾರು ಹೆಣ್ಣುಮಕ್ಕಳು ಹನ್ನೊಂದು ವರ್ಷದಿಂದ ತಿಂಗಳಿಗಿಷ್ಟೆಂದು ಹಣ ಕೂಡಿಸಿ ನಡೆಸುತ್ತಿದ್ದ ಭಿಶಿಯ ದುಡ್ಡೆಲ್ಲ ರಾಧಾಬಾಯಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿತ್ತು. ಹೈಸ್ಕೂಲಿನ ಕ್ಲಾರ್ಕಾದ ಅವಳ ಮೇಲೆ ಓಣಿಗೆಲ್ಲ ನಂಬಿಕೆ. ಅವಳಿಗೆ ತನ್ನ ಮೇಲೆ ಅದಕ್ಕಿಂತ ತುಸು ಹೆಚ್ಚೇ ಇತ್ತು. ಯಾರಿಗಾದರೂ ಸಾಲ ಬೇಕಾದರೆ ಕಾಗದವಿಲ್ಲ, ಜಾಮೀನಿಲ್ಲ. ಉಳಿದ ಹದಿನೈದು ಜನ ಸಾಲ ಕೇಳಿದವಳ ಮನೆಗೆ ಹೋಗಿ ಚಹಾ ಕುಡಿದು ಬರುವುದು, ಅಷ್ಟೇ. ಬಾಯಿ ಚಹಾ ಕುಡಿಯುತ್ತಿದ್ದಾಗ ಕಣ್ಣು ಮನೆಯೆಲ್ಲ ಸುತ್ತಾಡುತ್ತಿತ್ತು; ಅದನ್ನು ತಪಾಸಣೆ ಎಂದರೆ ಮಾತ್ರ ಜಗಳಕ್ಕೇ ಬರುತ್ತಿದ್ದರು. ಅಲ್ಲಿಯವರೆಗೆ ಒಂದು ಸಾಲವೂ ಮುಳುಗಿರಲಿಲ್ಲ.

ಹೀಗಿರುವಾಗ ರಾಧಾಬಾಯಿಯ ಅಣ್ಣನ ಮಗ ಧೀರೇಂದ್ರ ಬಂದ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು, ಬ್ಯಾಂಕೆಂದರೆ ಮೂಗು ಮುರಿಯುವವನು.

"ಅತ್ತಿ, ನಿಮ್ಮ ಭಿಶಿಯ ಎರಡು ಲಕ್ಷಕ್ಕ ಬ್ಯಾಂಕಿನವ್ರು ವರ್ಷಕ್ಕ ಮೂರು ಪರ್ಸೆಂಟ್ ಕೊಡ್ತಾರ. ಫೋನಿನ ಈ ಆ್ಯಪ್‌ನಾಗ ಒಂಬತ್ತು, ಅದೂ ಫಿಕ್ಸ್. ಸಾಲ ಕೊಡೋರಿಗೂ ಫಿಕ್ಸ್, ತಗೊಳ್ಳೋರಿಗೂ ಫಿಕ್ಸ್. ನಡುವ ಮ್ಯಾನೇಜರಿಲ್ಲ, ಸಹಿ ಇಲ್ಲ, ಆಫೀಸೇ ಇಲ್ಲ."

"ಆಫೀಸಿಲ್ಲಂದ್ರ ಜಗಳಾಡಾಕ ಎಲ್ಲಿಗಿ ಹೋಗೂದೋ?"

"ಜಗಳಾನ ಬರಂಗಿಲ್ಲ. ಎಲ್ಲಾ ಕೋಡ್ ನೋಡ್ಕೊಂತೈತಿ."

ಕೋಡ್ ಎಂಬುವವನು ಯಾರೋ ಪ್ರಾಮಾಣಿಕ ಮನುಷ್ಯನಿರಬೇಕು ಎನ್ನುವ ಧಾಟಿಯಲ್ಲಿ ರಾಧಾಬಾಯಿ ತಲೆಯಾಡಿಸಿದಳು. ದುಡ್ಡು ಡಾಲರಿನ ಬೆಲೆಗೆ ಕಟ್ಟಿದ ಡಿಜಿಟಲ್ ನಾಣ್ಯವಾಗಿ ಮೂರು ತಿಂಗಳ ಅವಧಿಗೆ ಫೋನಿನೊಳಗೆ ಹೋಯಿತು. ಗೆಳತಿಯರಿಗೆ ಅವಳು ಹೇಳಲಿಲ್ಲ. ಮೂರು ತಿಂಗಳಾದ ಮೇಲೆ ನಾಲ್ಕೂವರೆ ಸಾವಿರ ಬಡ್ಡಿ ಮುಂದಿಟ್ಟು ಎಲ್ಲರೂ ಬಾಯಿ ಬಿಡುವುದನ್ನು ನೋಡುವ ಆಸೆ ಅವಳಿಗೆ.

ತಿಂಗಳು ಕಳೆಯುವುದರೊಳಗೆ ಭಿಶಿಯ ಸಮ್ರೀನ ಸಾಲ ಕೇಳಿದಳು. ಮನೆಯಲ್ಲೇ ಒಣದ್ರಾಕ್ಷಿ ಪ್ಯಾಕು ಮಾಡಿ ಮಾರುವವಳು. ಬಬಲೇಶ್ವರದ ಅಂಗಡಿಯೊಂದು ವಾರಕ್ಕೆ ಐನೂರು ಪಾಕೀಟು ಕೊಳ್ಳಲು ಒಪ್ಪಿತ್ತು. ತೂಗಿ ಮುಚ್ಚುವ ಮಷಿನ್ನು ಬೇಕಿತ್ತು.

"ಸೆಕೆಂಡ್‌ಹ್ಯಾಂಡ್ ಐತ್ರಿ ಬಾಯಾರ, ತೊಂಬತ್ತು ಸಾವಿರ. ಶನಿವಾರದೊಳಗ ರೊಕ್ಕ ಕೊಟ್ರ ನಂದು. ಇಲ್ಲಂದ್ರ ಸಾರವಾಡದವ್ರು ಒಯ್ತಾರ, ಅಂಗಡಿಯವ್ರೂ ಅವರ ಕಡೆ ಹೋಗ್ತಾರ."

ಎಲ್ಲರೂ ಹೋಗಿ ಚಹಾ ಕುಡಿದು ಹೂಂ ಅಂದರು. ರಾಧಾಬಾಯಿ ಮಾತ್ರ ಅರ್ಧ ಚಹಾ ಬಿಟ್ಟೆದ್ದಳು. ಮರುದಿನವೇ ಬಸ್ಸು ಹಿಡಿದು ವಿಜಯಪುರಕ್ಕೆ ಓಡಿದಳು.

"ಅವಧಿ ಮುಗಿಯೂತನಕ ಬರಂಗಿಲ್ಲತ್ತಿ," ಎಂದ ಧೀರೇಂದ್ರ. "ಈಗ ಬೇಕಂದ್ರ ಬ್ಯಾರೇದವ್ರಿಗೆ ಮಾರಬೇಕು. ಕೊಳ್ಳೋರು ಕಡಿಮಿ ಅದಾರ, ಮೂವತ್ತೆಂಟು ಸಾವಿರ ಲುಕ್ಸಾನ."

"ಹಂಗಾರ ಅಲ್ಲೇ ಸಾಲ ತಗಿ. ನಮ್ಮ ರೊಕ್ಕಾನ ಸಾಲಾ ಕೊಡಾಕತ್ತೈತೆಲ್ಲ?"

"ಕೊಡ್ತೈತಿ. ತೊಂಬತ್ತು ಸಾವಿರಕ್ಕ ಒಂದು ಲಕ್ಷ ಮೂವತ್ತೈದು ಸಾವಿರ ಒತ್ತಿ ಇಡಬೇಕು. ಅವಧಿಗಿ ಇಟ್ಟದ್ದು ಒತ್ತಿಗಿ ನಡಿಯಂಗಿಲ್ಲ."

"ಅಷ್ಟು ಇದ್ದಾಕಿ ತೊಂಬತ್ತು ಸಾವಿರ ಸಾಲ ಯಾಕ ಕೇಳ್ತಾಳಲೇ?"

ಧೀರೇಂದ್ರ ತಲೆ ಕೆರೆದುಕೊಂಡ. "ಅದು ಸ್ವಲ್ಪ ಅಡ್ವಾನ್ಸ್ ಲೆವೆಲ್ ಐತಿ, ಅತ್ತಿ."

"ಈಗ ನಮ್ಮ ರೊಕ್ಕ ಯಾರ ಹತ್ರ ಐತಿ, ಅದನ್ನಾರ ಹೇಳು."

ಅವನು ಫೋನಿನಲ್ಲಿ ಅಕ್ಷರ, ಅಂಕಿ ಕಲಸಿದ ಉದ್ದನೆಯ ಸಾಲೊಂದನ್ನು ತೋರಿಸಿದ. ರಾಧಾಬಾಯಿ ಕನ್ನಡಕ ಏರಿಸಿ ನೋಡಿದಳು. ಅಡ್ಡಹೆಸರು ಸಿಗಲಿಲ್ಲ, ಊರೂ ಸಿಗಲಿಲ್ಲ.

ಶುಕ್ರವಾರ ಸಂಜೆ ಎಲ್ಲರನ್ನೂ ಕೂಡಿಸಿ ಬಾಯಿಬಿಟ್ಟು ಹೇಳಿಯೇಬಿಟ್ಟಳು. ಸಮ್ರೀನಳ ಮುಖ ಬಿಳುಪೇರಿತು. ಅವಳ ಅತ್ತೆ ಆಶಾಬಿ, ಭಿಶಿಯಲ್ಲಿ ಎಲ್ಲರಿಗಿಂತ ಹಿರಿಯಳು, ಮೆಲ್ಲಗೆ ಕೇಳಿದಳು: "ನಮ್ಮ ರೊಕ್ಕಾ ತಗೊಂಡೋರ ಮನ್ಯಾಗ ಚಹಾ ಕುಡದು ಬಂದೀರೇನ್ರಿ?"

ಯಾರೂ ನಗಲಿಲ್ಲ. ನಕ್ಕಿದ್ದರೆ ರಾಧಾಬಾಯಿ ಬದುಕಿಕೊಳ್ಳುತ್ತಿದ್ದಳು.

ಭಿಶಿಯ ತಾಯವ್ವ ಎದ್ದು ಮನೆಗೆ ಹೋಗಿ ಎಂಟು ಸಾವಿರ ತಂದಿಟ್ಟಳು. ಮುನೀರಾ ಐದು ತಂದಳು. ರಾಧಾಬಾಯಿ ತನ್ನ ಪಗಾರದ್ದು ಇಪ್ಪತ್ತು ಹಾಕಿದಳು. ಯಾರೂ ಬೇಡವೆನ್ನಲಿಲ್ಲ, ಭೇಷ್ ಎನ್ನಲೂ ಇಲ್ಲ. ಉಳಿದವರೂ ಕೈಲಾದಷ್ಟು ಹಾಕಿ, ದೀಪ ಹಚ್ಚುವ ಹೊತ್ತಿಗೆ ತೊಂಬತ್ತು ಸಾವಿರ ಕೂಡಿತು. ಶನಿವಾರ ಮಷಿನ್ನು ಸಮ್ರೀನಳ ಪಡಸಾಲೆಗೆ ಬಂದು ಕೂತಿತು.

ಅವಧಿ ಮುಗಿದ ದಿನ, ಹೇಳಿದ ಗಳಿಗೆಗೆ, ಎರಡು ಲಕ್ಷ ನಾಲ್ಕು ಸಾವಿರದ ಐನೂರು ಮರಳಿ ಬಂತು. ಡಾಲರಿನ ಬೆಲೆಯೂ ಕದಲಿರಲಿಲ್ಲ, ಒಂದು ಪೈಸೆ ಆಚೀಚೆ ಆಗಿರಲಿಲ್ಲ. ಯಾರಾದರೂ ಮೋಸ ಮಾಡಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು. ಆ ಸುಖವೂ ಅವಳಿಗೆ ಸಿಗಲಿಲ್ಲ. ಬ್ಯಾಂಕಿನಿಂದ ತೆಗೆದು ಅಷ್ಟನ್ನೂ ಆಶಾಬಿಯ ಮನೆಯಲ್ಲಿ ಎಲ್ಲರ ಮುಂದಿಟ್ಟಳು. ಎಣಿಸಿದರು. ಬಡ್ಡಿ ಚಲೋ ಬಂತೆಂದು ಹೊಗಳಿದರು ಕೂಡ. ವಾಪಸು ಒಯ್ಯಲು ಅವಳು ಚೀಲ ಬಿಚ್ಚಿದಾಗ ತಾಯವ್ವ ಕಟ್ಟುಗಳ ಮೇಲೆ ಕೈಯಿಟ್ಟಳು.

"ಇರಲಿ ಬಿಡ್ರಿ ಬಾಯಾರ. ಭಾಳ ವರ್ಸ ನೀವ ಹೊತ್ತೀರಿ. ಇನ್ ಮುಂದ ಸಮ್ರೀನ ನೋಡ್ಕೊಳ್ಳಲಿ."

ಹದಿನೈದು ಮುಖಗಳಲ್ಲಿ ಒಂದರಲ್ಲೂ ಸಿಟ್ಟಿರಲಿಲ್ಲ. ಬೈದಿದ್ದರೆ ಜಗಳವಾಡಿ ಒಯ್ಯುತ್ತಿದ್ದಳು. ಬರಿಗೈಯಲ್ಲಿ ಮನೆಗೆ ಬರುವಾಗ ರಾಧಾಬಾಯಿಗೆ ಅಳು ಬಂತು, ದಾರಿಯಲ್ಲೇ ಅತ್ತಳು.

ಮನೆ ಮುಟ್ಟಿದೊಡನೆ ಧೀರೇಂದ್ರನ ಫೋನು. "ನೋಡಿದಿ, ಅತ್ತಿ? ಹೇಳಿದ್ಹಂಗ ಬಂತಿಲ್ಲ? ಈಗ ಆರು ತಿಂಗಳದ್ದು ಒಂದೈತಿ, ಹತ್ತೂವರಿ!"

"ಅದಿರಲಿ. ಆ ಹದಿನೈದು ಮಂದಿ ತಮ್ಮ ರೊಕ್ಕ ಮತ್ತ ನನ್ನ ಕೈಯಾಗ ಕೊಡಬೇಕಂದ್ರ ನಾ ಏನ್ ಒತ್ತಿ ಇಡಬೇಕೋ? ನಿನ್ನ ಕೋಡ್‌ಗೆ ಕೇಳಿ ಹೇಳು."

ನೆಟ್‌ವರ್ಕ್ ಸರಿಯಿಲ್ಲವೆಂದು ಧೀರೇಂದ್ರ ಫೋನಿಟ್ಟ.