ಎರಡು ಹಗ್ಗದ ಭರವಸೆ

"ಇದ್ರಲ್ಲಿ ನಾನೇ ಅಳಿಸಿದೀನಿ. ಇನ್ನೊಂದ್ರಲ್ಲಿ ಇರತ್ತೆ, ತಾಳಿ," ಎನ್ನುತ್ತ ಅಣ್ಣ ಮೇಜಿನ ಮೇಲಿದ್ದ, ಕಂಪ್ಯೂಟರ್ ಫೈಲು ಕೂಡಿಡುವ ಕಪ್ಪು ಪೆಟ್ಟಿಗೆಯಿಂದ ಎರಡನೆಯ ಡಿಸ್ಕನ್ನು ಎಳೆದ.

ಅಳಿಸಿದೀನಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತಂಗಿ ಪುಟ್ಟಿ ಕೂತಲ್ಲಿಂದ ಎದ್ದಳು. ವಯಸ್ಸು ನಲವತ್ತು ದಾಟಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸಿ ಕೂರಿಸಿ ಅವಳ ಕಣ್ಣಿಗೂ ಕನ್ನಡಕ ಬಂದಿತ್ತು. ಆದರೂ ಮನೆಯವರ ಪಾಲಿಗೆ ಅವಳಿನ್ನೂ ಪುಟ್ಟಿಯೇ.

"ಯಾವಾಗ ಅಳಿಸ್ದೆ ಅಣ್ಣ?"

"ಹೋದ್ ತಿಂಗ್ಳು. ಜಾಗ ಸಾಲ್ತಿರ್ಲಿಲ್ಲ ಕಣೇ. ಮಗಳ ಈಜಿನ ವಿಡಿಯೋ ಎಲ್ಲಾ ಎಲ್ಲಿಡ್ಲಿ? ಅಮ್ಮನ ಮಾತು ಎರಡು ಕಡೆ ಇತ್ತಲ್ಲ, ಒಂದು ಕಡೆಯಿಂದ ತೆಗ್ದೆ."

"ಅಯ್ಯೋ, ಅದು ಹಾಗಲ್ಲಣ್ಣ! ಒಂದ್ರಲ್ಲಿ ಹಾಕಿದ್ದು ತಾನಾಗೇ ಎರಡ್ರಲ್ಲೂ ಕೂರತ್ತೆ. ಒಂದ್ರಲ್ಲಿ ಅಳಿಸಿದ್ರೆ..."

"ಅಪಶಕುನ ನುಡೀಬೇಡ, ಸುಮ್ನಿರು."

ಆಸ್ಪತ್ರೆಯಿಂದ ಅಣ್ಣನ ಮನೆಗೆ ಬಂದಿದ್ದ ಮಾತಿನ ಚಿಕಿತ್ಸೆಯ ಮೇಡಂ ಮಡಿಲಲ್ಲಿ ಟ್ಯಾಬ್ಲೆಟ್ ಇಟ್ಟುಕೊಂಡು ಕಾಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಅಮ್ಮ. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದರು. ಮೊದಲೇ ರೆಕಾರ್ಡ್ ಮಾಡಿಟ್ಟ ಮಾತುಗಳನ್ನು ಕೊಟ್ಟರೆ ಸಾಕು, ಇನ್ನು ಮುಂದೆ ಅಮ್ಮ ಟೈಪ್ ಮಾಡಿದ್ದನ್ನೆಲ್ಲ ಆ ಯಂತ್ರ ಅಮ್ಮನ ಧ್ವನಿಯಲ್ಲೇ ನುಡಿಯುತ್ತದೆ ಎಂದಿದ್ದರು ಮೇಡಂ.

ರೆಕಾರ್ಡ್ ಮಾಡಿದವಳು ಪುಟ್ಟಿ. ಅಮ್ಮ ದರ್ಜಿ; ಕತ್ತರಿಗಿಂತ ನಾಲಿಗೆ ಹರಿತ ಎಂದು ಬಟ್ಟೆ ಕೊಡಲು ಬಂದವರೇ ನಗುತ್ತಿದ್ದರು. ಆಪರೇಷನ್ನಿಗೆ ಮುಂಚೆ ದಿನಾ ಸಂಜೆ ಅಂಗಡಿ ಮುಗಿಸಿ ಬಂದು, ಗೆಳತಿಯ ಕ್ಯಾಮೆರಾ ಎರವಲು ತಂದು, ಪುಟ್ಟಿ ಅಮ್ಮನೆದುರು ಕೂತಳು. ಆಸ್ಪತ್ರೆಯವರು ಕೊಟ್ಟ ವಾಕ್ಯಗಳನ್ನು ಓದಿಸಿದ್ದು ಸಾಲದೆಂದು ಬೈಗುಳ, ನಗು, ಗೊಣಗಾಟ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುವುದು, ಒಂದನ್ನೂ ಬಿಡಲಿಲ್ಲ. ಅಷ್ಟು ದೊಡ್ಡ ಫೈಲುಗಳು ಅವಳ ಹಳೆಯ ಫೋನಿನಲ್ಲಿ ಹಿಡಿಸುವಂತಿರಲಿಲ್ಲ.

"ಒಂದು ನಿನ್ನ ಪೆಟ್ಟಿಗೇಲಿರ್ಲಿ, ನನ್ನ ಮನೇಲಿಡೋಕೆ ಬೇರೆ ಡಿಸ್ಕ್ ತಗೋತೀನಿ. ಇಂಟರ್‌ನೆಟ್ಟಲ್ಲೂ ಒಂದು ಹಾಕಿಬಿಡೋಣ," ಎಂದಿದ್ದಳು ಆಗ ಅಣ್ಣನಿಗೆ.

ಅಣ್ಣನಿಗೆ ಲಿಫ್ಟ್ ರಿಪೇರಿ ಕೆಲಸ. "ನೋಡೇ, ಲಿಫ್ಟಲ್ಲಿ ಒಂದು ಹಗ್ಗ ಕಿತ್ತೋದ್ರೂ ಇನ್ನೊಂದು ಹಿಡ್ಕೊಳತ್ತೆ. ಇದೂ ಅಷ್ಟೇ, ಎರಡು ಡಿಸ್ಕು. ಊರಿನ ಜನ ನನ್ನ ನಂಬಿ ಮೇಲೆ ಹೋಗ್ತಾರೆ, ನಿಂಗೆ ನಂಬಿಕೆ ಇಲ್ವಾ?" ಎಂದು ಮುಖ ಕೆಂಪು ಮಾಡಿಕೊಂಡಿದ್ದ.

"ಅವನ ಹತ್ರಾನೇ ಇರ್ಲಿ ಬಿಡೇ," ಎಂದಿದ್ದಳು ಅಮ್ಮ, ಆಗಿನ್ನೂ ಇದ್ದ ತನ್ನದೇ ಧ್ವನಿಯಲ್ಲಿ. "ಮನೆಗೊಂದೊಂದು ಇಟ್ಕೊಳ್ಳೋಕೆ ನಾನೇನು ಸಿನಿಮಾ ತಾರೆನಾ?"

ಜಗಳ ಬೇಡವೆಂದು ಬಾಯಿ ಮುಚ್ಚಿಕೊಳ್ಳುವುದು ಆ ಮನೆಯಲ್ಲಿ ಮೊದಲಿನಿಂದಲೂ ಪುಟ್ಟಿಯ ಪಾಲಿನ ಕೆಲಸ. ಎಲ್ಲವನ್ನೂ ಅಣ್ಣನ ಪೆಟ್ಟಿಗೆಗೆ ತುಂಬಿ, ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿ ಗೆಳತಿಗೆ ಹಿಂದಿರುಗಿಸಿದ್ದಳು.

ಈಗ ಎರಡನೆಯ ಡಿಸ್ಕು ಹಾಕಿದರೂ ಪರದೆಯ ಮೇಲೆ ಅದೇ ಈಜುಕೊಳ, ಅದೇ ನೀಲಿ ಟೋಪಿಯ ಹುಡುಗಿ. ಅಣ್ಣ ಅದನ್ನು ಕಿತ್ತು ಊದಿ ಮತ್ತೆ ಹಾಕಿದ. ಮತ್ತೆ ಈಜುಕೊಳ. ಕಿಟಕಿ ತೆರೆದೇ ಇತ್ತು, ಆದರೂ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಪೆಟ್ಟಿಗೆ ಮಾರಿದೋನು ಸರಿಯಾಗಿ ಹೇಳ್ಲೇ ಇಲ್ಲ," ಎಂದ. ಆಮೇಲೆ ತಂಗಿಯ ಕಡೆ ತಿರುಗಿದ. "ನೀನಾದ್ರೂ ಒಂದು ಇಟ್ಕೊಂಡಿರ್ಬೇಕಿತ್ತು ಕಣೇ! ಅಷ್ಟೂ ತಿಳಿಯಲ್ವಾ?"

ಪುಟ್ಟಿಗೆ ಆ ಪೆಟ್ಟಿಗೆ ಎತ್ತಿ ಅವನ ತಲೆಯ ಮೇಲೆ ಕುಕ್ಕಬೇಕೆನಿಸಿತು. ಅಮ್ಮ ಇದ್ದಳು, ಮೇಡಂ ಇದ್ದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಅಷ್ಟೇ.

ಅಳಿಸಿದ್ದನ್ನು ಮರಳಿ ತೆಗೆದುಕೊಡುವ ಅಂಗಡಿಯವನು ಡಿಸ್ಕುಗಳನ್ನು ಒಂದು ವಾರ ಇಟ್ಟುಕೊಂಡ. ಅಮ್ಮನ ಮಾತಿದ್ದ ಜಾಗದಲ್ಲೇ ಈಜಿನ ವಿಡಿಯೋ ಬಂದು ಕೂತಿದೆ, ಅಡಿಯಲ್ಲಿ ಏನೂ ಉಳಿದಿಲ್ಲ ಎಂದು ವಾಪಸು ಕೊಟ್ಟ. ಪುಟ್ಟಿ ಅಂಗಡಿಯ ಮೆಟ್ಟಿಲ ಮೇಲೆಯೇ ಕೂತು ಹೋಗಿಬರುವವರೆದುರು ಅತ್ತಳು. ಅಣ್ಣ ಆ ದಿನ ಕೆಲಸವಿದೆಯೆಂದು ಬಂದಿರಲಿಲ್ಲ.

ಮುಂದಿನ ಭಾನುವಾರ ಮೇಡಂ ಪುಟ್ಟಿಯ ಮನೆಗೇ ಬಂದರು. ಅಮ್ಮ ಇರುವುದು ಅಲ್ಲಿ. ಅಣ್ಣನೂ ಬಂದು, ಚಪ್ಪಲಿ ಬಿಟ್ಟಲ್ಲೇ ಬಾಗಿಲ ಬಳಿ ನಿಂತ. ಯಂತ್ರದಲ್ಲಿ ಸಿದ್ಧ ಧ್ವನಿಗಳಿದ್ದವು. ಮೇಡಂ ಒಂದೊಂದಾಗಿ ಕೇಳಿಸಿದರು. ಮೂರನೆಯದು ಮುಗಿಯುವ ಮೊದಲೇ ಅಮ್ಮ ಯಾವುದೋ ಒಂದನ್ನು ಒತ್ತಿ, ಸಾಕು ಎಂಬಂತೆ ಕೈ ಆಡಿಸಿದಳು. ಲಿಫ್ಟಿನಲ್ಲಿ ಬಾಗಿಲು ಮುಚ್ಚುತ್ತಿದೆ ಎನ್ನುವ ಹೆಂಗಸಿನದೇ ಧ್ವನಿಯಂತಿತ್ತು ಅದು.

"ಏನಾದ್ರೂ ಬರೀರಿ ಅಮ್ಮ," ಎಂದರು ಮೇಡಂ.

ಸೂಜಿ ಚುಚ್ಚಿ ಗಂಟುಗಟ್ಟಿದ ಬೆರಳು ಒಂದೊಂದೇ ಅಕ್ಷರ ಹುಡುಕಿತು. ಪುಟ್ಟಿ ನೋಡುತ್ತಿದ್ದಳು. ರಜೆ ಹಾಕಿ, ಗಾಯ ತೊಳೆದು, ಗಂಜಿ ಕುಡಿಸಿದವಳು ಅವಳು. ಮೊದಲ ಮಾತು ತನಗೇ ಇರಬಹುದೆಂಬ ಆಸೆ ಅವಳಿಗೆ ಇಲ್ಲದಿರಲಿಲ್ಲ.

"ಯಾಕೋ ಇಷ್ಟು ಸೊರಗಿದೀಯ?" ಎಂದಿತು ಯಂತ್ರ.

ಅಣ್ಣ ದಡಬಡನೆ ಬಂದು ಅಮ್ಮನ ಕಾಲ ಬಳಿ ಕುಸಿದು ಬಿಕ್ಕಿದ. "ನಿನ್ನ ಧ್ವನಿ ಕಳ್ದುಬಿಟ್ಟೆ ಕಣಮ್ಮ..."

ಅಮ್ಮ ಎಡಗೈಯಿಂದ ಅವನ ತಲೆ ನೇವರಿಸುತ್ತ ಬಲಗೈಯಿಂದ ಅಕ್ಷರ ಒತ್ತಿದಳು.

"ತಪ್ಪು ಯಾರಿಂದ ಆಗಲ್ಲ ಹೇಳು? ಬೇಕು ಅಂತ ಮಾಡ್ದೆಯಾ?" ಬೆರಳು ಮತ್ತೆ ಆಡಿತು, ಅದೇ ಏರಿಳಿತವಿಲ್ಲದ ದನಿಯಲ್ಲಿ: "ಪುಟ್ಟಿ. ಅಣ್ಣನಿಗೆ ತಟ್ಟೆ ಹಾಕು."

ಪುಟ್ಟಿ ಒಳಗೆ ಹೋದಳು. ತಟ್ಟೆ ತೆಗೆದು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದು ಒರೆಸತೊಡಗಿದಳು. ಹೊರಗಿನ ಕೋಣೆಯಲ್ಲಿ, ಲಿಫ್ಟಿನ ದನಿಯ ಯಾರೋ ಹೆಂಗಸು 'ಪುಟ್ಟಿ' ಎಂದು ಯಾರನ್ನೋ ಕರೆದಳು. ಮತ್ತೊಮ್ಮೆ ಕರೆದಳು. ಪುಟ್ಟಿ ತಟ್ಟೆ ಒರೆಸುತ್ತಲೇ ಇದ್ದಳು.